ತೋಟಿಗೆ ಜಾಳಿಗೆ ಕೂಡಿಸುವ ಮುನ್ನ: ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ, ಮಹಾಪೌರರಿಗೆ ಮತ್ತು 82 ವಾರ್ಡುಗಳ ಸದಸ್ಯರಿಗೆ,

ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ತೋಟಿ, ಶವರ್, ಪೈಪು, ಬಾಲ್ ಕಾಕ್ ಮಾರಿ ಜೀವನ ಮಾಡುವವನು. ಪ್ರತಿ ಮನೆಯ ತೋಟಿಗೂ ನೀರು ಕಡಿಮೆ ಬಿಡುವ ಏರಿಯೇಟರ್ ಕಡ್ಡಾಯ ಎಂದು ನೀವು ನಾಳೆ ಆದೇಶ ಹೊರಡಿಸಿದರೆ ಮೊದಲು ಪೇಢೆ ಹಂಚಬೇಕಾದವನು ನಾನೇ. ಮನೆಗೆ ನಾಲ್ಕೇ ತೋಟಿ ಅಂತ ಹಿಡಿದರೂ ಅವಳಿ ನಗರದ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದನ್ನು ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಿದ್ದೂ ಅಂಥ ಆದೇಶ ಮನೆಮನೆಗೆ ಬೇಡ ಎಂದು ಕೇಳಿಕೊಳ್ಳಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಅದು ಎಲ್ಲಿ ಬೇಕೋ ಅಲ್ಲಿ ಇವತ್ತೇ ಬೇಕು, ಅದನ್ನೂ ಮುಂದೆ ಹೇಳುತ್ತೇನೆ.

ಈ ಮಾತು ಎಲ್ಲಿಂದ ಬಂತೆಂದರೆ, 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದರ ಹಿಂದೆ ಒಂದು ಒಣಗಿದಾಗ ಅಲ್ಲಿನ ಜಲಮಂಡಳಿ ಮಾರ್ಚ್ ತಿಂಗಳಲ್ಲಿ ಎರಡು ಆದೇಶ ಮಾಡಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅನ್ನುವುದು ಒಂದು. ಅಪಾರ್ಟ್‌ಮೆಂಟು, ಹೋಟೆಲು, ವಾಣಿಜ್ಯ ಕಟ್ಟಡಗಳ ತೋಟಿಗಳಿಗೆ ಏರಿಯೇಟರ್ ಹಾಕಲೇಬೇಕು ಅನ್ನುವುದು ಇನ್ನೊಂದು. ಅಂದಿನಿಂದ ನಮ್ಮ ಕೌಂಟರಿನ ಮುಂದೆ ನಿಂತು ಮಾತಾಡುವವರಲ್ಲಿ ಹತ್ತಕ್ಕೆ ನಾಲ್ಕು ಮಂದಿ, ಹೆಚ್ಚಾಗಿ ಬೆಂಗಳೂರಿನಲ್ಲಿ ಮಗನೋ ಮಗಳೋ ಇರುವವರು, "ನಮ್ಮಲ್ಲೂ ಅದನ್ನ ಮಾಡಬೇಕ್ರಿ" ಅನ್ನುತ್ತಾರೆ. ಬೆಂಗಳೂರಿನಲ್ಲಿ ಆದದ್ದು ಎರಡು ಮೂರು ವರ್ಷಕ್ಕೆ ನಮ್ಮಲ್ಲಿಗೆ ಬರುವುದು ರೂಢಿ. ಅದು ಬರುವ ಮುಂಚೆಯೇ ಹೇಳಬೇಕಾದ್ದನ್ನು ಹೇಳಿಬಿಡೋಣ ಅಂತ.

ಮೊದಲು ಈ ಏರಿಯೇಟರ್ ಅಂದರೆ ಏನು ಅನ್ನುವುದನ್ನು ಬಿಚ್ಚಿ ನೋಡಬೇಕು. ಸಿಂಕಿನ ಅಥವಾ ವಾಶ್ ಬೇಸಿನ್ನಿನ ತೋಟಿಯ ತುದಿಯಲ್ಲಿ ತಿರುಗಿಸಿದರೆ ಬಿಚ್ಚಿಕೊಳ್ಳುವ ಒಂದು ಉಂಗುರ ಇರುತ್ತದೆ. ಗಿರಾಕಿಗಳು ಅದಕ್ಕೆ ಜಾಳಿಗೆ ಅನ್ನುತ್ತಾರೆ. ಒಳಗೆ ಸಣ್ಣ ತೂತುಗಳ ಒಂದು ಪ್ಲಾಸ್ಟಿಕ್ ಬಿಲ್ಲೆ, ಅದರ ಕೆಳಗೆ ಒಂದೆರಡು ಪದರದ ಬಲೆ, ಮೇಲೊಂದು ರಬ್ಬರ್ ವಾಶರ್. ಬಿಲ್ಲೆ ನೀರಿನ ದಾರಿಯನ್ನು ಕಿರಿದು ಮಾಡುತ್ತದೆ. ಕಿರಿದಾದ ದಾರಿಯಲ್ಲಿ ಜೋರಾಗಿ ನುಗ್ಗುವ ನೀರು ಪಕ್ಕದಿಂದ ಗಾಳಿ ಎಳೆದುಕೊಳ್ಳುತ್ತದೆ, ಬಲೆ ಅದನ್ನು ಹಾಲಿನ ನೊರೆಯಂತೆ ಬೆರೆಸುತ್ತದೆ. ಕೈಗೆ ತುಂಬಿದ ಧಾರೆಯೇ ಬಿದ್ದಂತೆ ಅನ್ನಿಸಿದರೂ ನೀರು ಮಾತ್ರ ಅರ್ಧಕ್ಕೆ ಇಳಿದಿರುತ್ತದೆ. ಒಳ್ಳೆಯ ಯುಕ್ತಿ, ಸಂಶಯವೇ ಇಲ್ಲ. ಆದರೆ ಇಷ್ಟೆಲ್ಲ ಆಗಬೇಕಾದರೆ ನೀರು "ಜೋರಾಗಿ ನುಗ್ಗಬೇಕು". ನಮ್ಮ ಊರಿನ ತಕರಾರು ಇರುವುದೇ ಅಲ್ಲಿ.

ತೋಟಿಯ ನೀರಿಗೆ ಹೀಗೆ ಮಿತಿ ಹಾಕಿದ ಒಂದು ಹಳೆಯ ಕಾಯ್ದೆ ಅಮೆರಿಕದಲ್ಲಿದೆ. ಅಲ್ಲಿ 1992ರಲ್ಲಿ ಇಂಧನ ನೀತಿ ಕಾಯ್ದೆ ಬಂತು. ಶವರಿನಿಂದ ನಿಮಿಷಕ್ಕೆ 2.5 ಗ್ಯಾಲನ್, ಅಂದರೆ ನಮ್ಮ ಲೆಕ್ಕದಲ್ಲಿ 9.5 ಲೀಟರಿಗಿಂತ ಹೆಚ್ಚು ನೀರು ಬರಕೂಡದು ಎಂದು 1994ರಿಂದ ಜಾರಿಯಾಯಿತು, ತೋಟಿಯಿಂದ 2.2 ಗ್ಯಾಲನ್, ಅಂದರೆ 8.3 ಲೀಟರ್ ದಾಟಕೂಡದು ಎಂಬ ಮಿತಿ 1998ರಲ್ಲಿ ಬಂತು. ಅಲ್ಲಿ ಅದೊಂದು ರಾಜಕೀಯ ಜಗಳವೇ ಆಗಿ ಕೂತಿದೆ. 2020ರಲ್ಲಿ ಟ್ರಂಪ್ ಸರ್ಕಾರ ಒಂದು ಶವರಿನಲ್ಲಿ ಹಲವು ಬಾಯಿ ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ಮಿತಿ ಎಂದು ಸಡಿಲಿಸಿತು, 2021ರಲ್ಲಿ ಬೈಡನ್ ಸರ್ಕಾರ ಅದನ್ನು ರದ್ದು ಮಾಡಿತು, 2025ರ ಏಪ್ರಿಲ್‌ನಲ್ಲಿ ಟ್ರಂಪ್ ಮತ್ತೆ ಸಹಿ ಹಾಕಿ ಸಡಿಲಿಸಿದರು. ತಮ್ಮ ಕೂದಲು ತೊಳೆಯಲು ಶವರಿನ ನೀರು ಸಾಲುತ್ತಿಲ್ಲ ಅನ್ನುವುದು ಅಧ್ಯಕ್ಷರ ದೂರು. ಅವರ ಕೂದಲು ಅವರಿಗೆ ಬಿಡೋಣ. ನಮಗೆ ಬೇಕಾದ್ದು ಆ ಕಾಯ್ದೆಯ ಒಂದು ಸಣ್ಣ ಮಾತು. ಆ 9.5 ಲೀಟರನ್ನು ಅವರು ಅಳೆಯುವುದು 80 ಪಿಎಸ್‌ಐ ಒತ್ತಡದಲ್ಲಿ, ತೋಟಿಯ 8.3 ಲೀಟರನ್ನು ಅಳೆಯುವುದು 60 ಪಿಎಸ್‌ಐ ಒತ್ತಡದಲ್ಲಿ.

80 ಪಿಎಸ್‌ಐ ಅಂದರೆ ಎಷ್ಟು? ನಿಮ್ಮ ತಲೆಯ ಮೇಲೆ ಸುಮಾರು 180 ಅಡಿ ಎತ್ತರದಲ್ಲಿ ನೀರಿನ ಟ್ಯಾಂಕು ಇದ್ದರೆ ಬರುವ ಒತ್ತಡ. ಅವರ ಊರುಗಳಲ್ಲಿ ನೀರು ರಸ್ತೆಯ ಪೈಪಿನಿಂದ ಹಗಲೂ ರಾತ್ರಿ ಬಿಗಿಯಾಗಿ ಬಂದು ನೇರ ಶವರಿಗೆ ಹೋಗುತ್ತದೆ. ನಮ್ಮಲ್ಲಿ? ವಾರಕ್ಕೊಮ್ಮೆಯೋ ಎಂಟು ದಿನಕ್ಕೊಮ್ಮೆಯೋ ನಳ ಬರುತ್ತದೆ, ನೀರು ನೆಲದ ಟ್ಯಾಂಕಿಗೆ ಬೀಳುತ್ತದೆ, ಮೋಟಾರು ಹಾಕಿ ಅದನ್ನು ಮಾಳಿಗೆಯ ಮೇಲಿನ ಸಿಂಟೆಕ್ಸಿಗೆ ಏರಿಸುತ್ತೇವೆ, ಅಲ್ಲಿಂದ ಅದು ತನ್ನ ಭಾರಕ್ಕೆ ತಾನು ಇಳಿದು ತೋಟಿಗೆ ಬರುತ್ತದೆ. ಒಂದಂತಸ್ತಿನ ಮನೆಯ ಬಚ್ಚಲ ತೋಟಿಗೂ ಸಿಂಟೆಕ್ಸಿಗೂ ನಡುವೆ ಇರುವುದು ಹತ್ತು ಅಡಿ. ಶವರಿಗೆ ಸಿಗುವುದು ಅದಕ್ಕೂ ಕಡಿಮೆ, ಐದಾರು ಅಡಿ.

ಒತ್ತಡ ನಾಲ್ಕು ಪಟ್ಟು ಇಳಿದರೆ ಹರಿವು ಎರಡು ಪಟ್ಟು ಇಳಿಯುತ್ತದೆ. ವರ್ಗಮೂಲದ ಲೆಕ್ಕ, ಪಿಯುಸಿ ಹುಡುಗರಿಗೂ ಗೊತ್ತಿರುವಂಥದ್ದು. ಆ ಲೆಕ್ಕ ಹಾಕಿ ನೋಡಿ. ಅಮೆರಿಕದ 9.5 ಲೀಟರ್ ಶವರನ್ನು ತಂದು ಹತ್ತು ಅಡಿ ಒತ್ತಡದ ಪೈಪಿಗೆ ಕೂಡಿಸಿದರೆ ಬರುವುದು ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು. ಅವರ 8.3 ಲೀಟರಿನ ತೋಟಿ ಕೂಡಿಸಿದರೂ ಉತ್ತರ ಹೆಚ್ಚುಕಡಿಮೆ ಅಷ್ಟೇ. ಹದಿನೈದು ಲೀಟರಿನ ಒಂದು ಬಕೆಟ್ ತುಂಬಲಿಕ್ಕೆ ಏಳು ನಿಮಿಷ ಬೇಕು. ಅಂದರೆ ನಮ್ಮ ಮನೆಗಳ ಮಟ್ಟಿಗೆ ನೀರಿಗೆ ತಡೆ ಹಾಕುವ ಕೆಲಸವನ್ನು ಮಾಳಿಗೆಯ ಸಿಂಟೆಕ್ಸೇ ಮಾಡಿಬಿಟ್ಟಿದೆ. ಅದರ ಮೇಲೊಂದು ಜಾಳಿಗೆ ಕೂಡಿಸಿದರೆ ಅದು ಗಾಳಿಯನ್ನೂ ಎಳೆದುಕೊಳ್ಳುವುದಿಲ್ಲ, ಧಾರೆಯೂ ತುಂಬುವುದಿಲ್ಲ. ದಾರದಂತೆ ಒಂದು ಎಳೆ ಇಳಿಯುತ್ತದೆ, ಅಷ್ಟೆ.

ಇನ್ನು ಬೆಂಗಳೂರಿನ ಹತ್ತಂತಸ್ತಿನ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ತೆಗೆದುಕೊಳ್ಳಿ. ಅಲ್ಲಿ ತೋಟಿಯ ಮೇಲೆ ನೂರು ಅಡಿ ನೀರು ನಿಂತಿರುತ್ತದೆ. ನಮ್ಮ ಹತ್ತು ಅಡಿಗಿಂತ ಹತ್ತು ಪಟ್ಟು ಒತ್ತಡ, ಮೂರು ಪಟ್ಟು ಹರಿವು. ಕೈ ತೊಳೆಯಲು ಚಾವಿ ತಿರುವಿದರೆ ಅಂಗಿ ತೊಯ್ಯುತ್ತದೆ. ಅಲ್ಲಿ ಏರಿಯೇಟರ್ ನಿಜವಾಗಿ ದುಡಿಯುತ್ತದೆ. ಆದ್ದರಿಂದ ಬೆಂಗಳೂರಿನ ಆದೇಶ ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಅಲ್ಲಿನ ಎತ್ತರದ ಕಟ್ಟಡಗಳ ಅಳತೆಗೆ ಹೊಲಿದದ್ದು, ನಮ್ಮ ಓಣಿಯ ಮನೆಗಳಿಗೆ ಆಗಿಬರುವುದಿಲ್ಲ.

ಎರಡನೆಯ ಮಾತು ಬಕೆಟ್ಟಿನದು. ನಮ್ಮ ಕಡೆ ಸ್ನಾನ ಅಂದರೆ ಬಕೆಟ್ಟು, ಚರಿಗೆ. ಬಟ್ಟೆ ನೆನೆಹಾಕುವುದು ಬಕೆಟ್ಟಿನಲ್ಲಿ. ಅಡಿಗೆಗೆ ತಪೇಲಿ ತುಂಬಬೇಕು, ಕುಡಿಯಲಿಕ್ಕೆ ಕೊಡ ತುಂಬಬೇಕು, ನೆಲ ಒರೆಸಲಿಕ್ಕೆ ಅರ್ಧ ಬಕೆಟ್ಟು. ಬಕೆಟ್ಟಿಗೆ ಎಷ್ಟು ನೀರು ಹಿಡಿಯುತ್ತದೋ ಅಷ್ಟೇ ಹಿಡಿಯುತ್ತದೆ, ತೋಟಿ ಜೋರಾಗಿ ಬಿಟ್ಟರೂ ಮೆಲ್ಲಗೆ ಬಿಟ್ಟರೂ. ಏರಿಯೇಟರ್ ಅಲ್ಲಿ ಒಂದು ಹನಿಯನ್ನೂ ಉಳಿಸುವುದಿಲ್ಲ, ನಿಂತವರ ಹೊತ್ತನ್ನು ತಿನ್ನುತ್ತದೆ. ಸೋಲಾರ್ ಹೀಟರಿನ ಪೈಪಿನಲ್ಲಿ ಬಿಸಿನೀರು ಬರುವವರೆಗೆ ಬಿಡುವ ತಣ್ಣೀರಿನ ಕಥೆಯೂ ಅದೇ. ಪೈಪಿನಲ್ಲಿ ನಿಂತ ನೀರು ನಿಂತಷ್ಟೂ ಹೊರಬರಲೇಬೇಕು, ಸಣ್ಣ ಧಾರೆಯಲ್ಲಿ ಬಂದರೆ ಎರಡು ಪಟ್ಟು ಹೊತ್ತು ಕಾಯಬೇಕು. ನೀರು ಉಳಿಯುವುದು ಹರಿಯುವ ತೋಟಿಯ ಕೆಳಗೆ ಕೈ, ಬಾಯಿ, ಪಾತ್ರೆ ಹಿಡಿದಾಗ ಮಾತ್ರ. ಮನೆಯಲ್ಲಿ ಅಂಥ ತೋಟಿ ಎಂದರೆ ವಾಶ್ ಬೇಸಿನ್ನಿನದು ಒಂದು, ಸಿಂಕಿನದು ಅರ್ಧ. ಅರ್ಧ ಯಾಕೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಪಾತ್ರೆ ತಿಕ್ಕುವುದು ಇವತ್ತಿಗೂ ಹಿತ್ತಲಿನಲ್ಲಿ, ಬುಟ್ಟಿಯಲ್ಲಿ ನೀರು ಇಟ್ಟುಕೊಂಡೇ.

ಹೊಸ ಮಾದರಿಯ ಸಿಂಕ್ ತೋಟಿ ಒಯ್ದ ಅಕ್ಕಾರೊಬ್ಬರು ಅದನ್ನು ವಾಪಸು ತಂದು ಕೌಂಟರಿನ ಮೇಲೆ ಇಟ್ಟಾಗ ನಡೆದ ಮಾತು ಹೀಗಿತ್ತು:

"ಸಾವಕಾರ್ರ, ಇದರ ಜಾಳಿಗಿ ತಗದ ಕೊಡ್ರಿ. ಒಂದ ತಪೇಲಿ ತುಂಬೂದ್ರಾಗ ಕುಕ್ಕರ್ ನಾಕ ಸೀಟಿ ಹೊಡಿತೈತಿ."

"ತಗದ್ರ ನೀರ ಸಿಡಿತಾವ್ರಿ ಅಕ್ಕಾರ."

"ಸಿಡಿಲಿ ಬಿಡ್ರಿ. ಎಂಟ ದಿನಕ್ಕೊಮ್ಮಿ ಬರೂ ನೀರಿಗೆ ಮತ್ತ ಜಾಳಿಗಿ ಬ್ಯಾರೆ ಏನ್ರಿ?"

ಅವರ ಎದುರಿಗೇ ಅದನ್ನು ಬಿಚ್ಚಿ ಹಾಳೆಯ ಮೇಲೆ ತಟ್ಟಿದೆ. ಮೊದಲು ಉದುರಿದ್ದು ಕೆಂಪು ತುಕ್ಕಿನ ಚೂರು, ಆಮೇಲೆ ಉಸುಕು, ಕೊನೆಗೆ ಬಲೆಗೆ ಕಚ್ಚಿಕೊಂಡಿದ್ದ ಬಿಳಿ ಹೆಕ್ಕಳೆ. ಹೆಕ್ಕಳೆಯನ್ನು ಉಗುರಿನಿಂದ ಕೆರೆದರೆ ಬರಲಿಲ್ಲ, ಸ್ಕ್ರೂಡ್ರೈವರಿನ ತುದಿಯೇ ಬೇಕಾಯಿತು. ಬಲೆಯ ಕಣ್ಣುಗಳಲ್ಲಿ ಅರ್ಧಕ್ಕೂ ಹೆಚ್ಚು ಮುಚ್ಚಿಹೋಗಿದ್ದವು. ಅದರಲ್ಲಿ ತೋಟಿಯ ತಪ್ಪೂ ಇಲ್ಲ, ಅಕ್ಕಾರದೂ ಇಲ್ಲ. ನಳದ ನೀರು ಸಾಲದೆ ಕೊಳವೆಬಾವಿಯ ಗಡಸು ನೀರನ್ನು ಅದೇ ಟ್ಯಾಂಕಿಗೆ ಬಿಟ್ಟುಕೊಳ್ಳುವ ಮನೆಗಳಲ್ಲಿ ಸುಣ್ಣದಂಶ ಕೂರುತ್ತದೆ. ಎಷ್ಟೋ ದಿನ ಒಣಗಿದ್ದ ಪೈಪಿನಲ್ಲಿ ಒಮ್ಮೆಲೆ ನೀರು ಬಿಟ್ಟಾಗ ತುಕ್ಕು, ಉಸುಕು ಎದ್ದು ಬರುತ್ತದೆ. ನಿಂಬೆಹಣ್ಣಿನ ರಸದಲ್ಲೋ ವಿನೆಗರ್‌ನಲ್ಲೋ ರಾತ್ರಿಯಿಡೀ ನೆನೆಸಿಟ್ಟು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಸ್ವಚ್ಛವಾಗುತ್ತದೆ, ಹೌದು. ಆದರೆ ತಿಂಗಳಿಗೊಮ್ಮೆ ಯಾರು ತಿಕ್ಕುತ್ತಾರೆ? ನನ್ನ ಗಿರಾಕಿಗಳು ಮಾಡುವುದು ಒಂದೇ, ಬಿಚ್ಚಿ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಕಡ್ಡಾಯ ಮಾಡಿದರೆ ಪಾಲಿಕೆಯವರು ಬರುವ ದಿನ ಕೂಡಿಸುತ್ತಾರೆ.

ಗ್ಯಾಸ್ ಗೀಸರ್ ಇರುವವರಿಗೆ ಇನ್ನೊಂದು ಫಜೀತಿ. ಅದರಲ್ಲಿ ನೀರಿನ ಹರಿವು ಒಂದು ಮಟ್ಟ ಮುಟ್ಟಿದರೆ ಮಾತ್ರ ಬೆಂಕಿ ಹೊತ್ತುತ್ತದೆ. ಬಚ್ಚಲ ತೋಟಿಗೆ ತಡೆ ಹಾಕಿದರೆ ಟಕ್ ಟಕ್ ಅಂತ ಸದ್ದು ಬರುತ್ತದೆ, ಬಿಸಿನೀರು ಬರುವುದಿಲ್ಲ.

ಹಾಗಾದರೆ ಎಲ್ಲಿ ಕೂಡಿಸಬೇಕು ಎಂದು ನೀವು ಕೇಳಬಹುದು. ಜಾಗಗಳಿಗೆ ಕೊರತೆ ಇಲ್ಲ. ಪ್ರೆಶರ್ ಪಂಪ್ ಹಾಕಿಕೊಂಡ ಲಾಡ್ಜು, ದೊಡ್ಡ ಹೋಟೆಲು, ಮಾಲ್, ಆಸ್ಪತ್ರೆಗಳಲ್ಲಿ ತೋಟಿ ಮತ್ತು ಶವರ್ ಎರಡೂ ನಿಜವಾಗಿ ಜೋರಾಗಿ ಬರುತ್ತವೆ. ಶವರಿನ ಕೆಳಗೆ ನಿಂತವನು ಹತ್ತು ನಿಮಿಷ ನಿಂತರೆ ನೂರು ಲೀಟರ್ ಸಲೀಸಾಗಿ ಹೋಗುತ್ತದೆ. ಅದೇ ಮನುಷ್ಯ ಮನೆಯಲ್ಲಿ ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ ಬಂದವನು. ಕಲ್ಯಾಣ ಮಂಟಪಗಳ ಕೈ ತೊಳೆಯುವ ಸಾಲು ನೋಡಿ. ಊಟದ ಪಂಕ್ತಿ ಎದ್ದ ಕೂಡಲೇ ಇಪ್ಪತ್ತು ತೋಟಿ ಒಟ್ಟಿಗೆ ತೆರೆಯುತ್ತವೆ, ಮುಂದಿನ ಪಂಕ್ತಿ ಕೂರುವವರೆಗೆ ಒಂದೆರಡಾದರೂ ಹರಿಯುತ್ತಲೇ ಇರುತ್ತವೆ. ಅಲ್ಲಿ ಏರಿಯೇಟರಿಗಿಂತಲೂ ಒತ್ತಿದರೆ ಬಂದು ತಾನೇ ನಿಲ್ಲುವ ಪುಶ್ ತೋಟಿ ಚಲೋ. ಮಠ, ಗುಡಿ, ಮಸೀದಿಗಳಲ್ಲಿ ಕೈಕಾಲು ತೊಳೆಯುವ ಜಾಗಕ್ಕೂ ಅದೇ ಮಾತು. ಸಿದ್ಧಾರೂಢ ಮಠದ ಜಾತ್ರೆಗೆ ಬರುವ ಮಂದಿಯನ್ನು ನೆನೆದರೆ ಒಂದು ತೋಟಿಯಿಂದ ಎಷ್ಟು ಕೈ ತೊಳೆಯುತ್ತವೆ ಎನ್ನುವ ಅಂದಾಜು ಸಿಗುತ್ತದೆ.

ಧಾರವಾಡದ ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ರೂಮುಗಳು, ಪಿಜಿಗಳು ಎಷ್ಟಿವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಮಾತ್ರ ಎಚ್ಚರ ಬೇಕು. ಏರಿಯೇಟರ್ ಕಡ್ಡಾಯ ಎಂದರೆ ಮಾಲೀಕನಿಗೆ ಅದೊಂದು ನೆಪವಾಗಬಹುದು. ಮೂವರಿಗೆ ಒಂದು ಬಚ್ಚಲು, ಬೆಳಿಗ್ಗೆ ಎಂಟಕ್ಕೆ ಕ್ಲಾಸು, ತೋಟಿಯಲ್ಲಿ ದಾರದೆಳೆ. ಅಲ್ಲಿ ಹಳೆಯ ಫ್ಲಶ್ ಟ್ಯಾಂಕು ಬದಲಾಯಿಸುವುದು ಕಡ್ಡಾಯವಾಗಲಿ. ಹಳೆಯದು ಒಮ್ಮೆ ಎಳೆದರೆ ಹತ್ತು ಲೀಟರ್ ಬಿಡುತ್ತದೆ, ಎರಡು ಗುಂಡಿಯ ಹೊಸದು ಮೂರು ಅಥವಾ ಆರು. ಒಬ್ಬ ಮನುಷ್ಯ ದಿನಕ್ಕೆ ಐದು ಸಲ ಎಂದರೂ ಇಪ್ಪತ್ತೈದು ಮೂವತ್ತು ಲೀಟರ್ ಉಳಿಯಿತು. ಮನೆಯ ಎಲ್ಲ ತೋಟಿಗೂ ಜಾಳಿಗೆ ಹಾಕಿದರೂ ಸಿಂಟೆಕ್ಸಿನ ಮನೆಯಲ್ಲಿ ಇಷ್ಟು ಉಳಿಯಲಿಕ್ಕಿಲ್ಲ. ಫ್ಲಶ್ ಬಗ್ಗೆ ಯಾರೂ ಕೌಂಟರಿನಲ್ಲಿ ನಿಂತು ಮಾತಾಡುವುದಿಲ್ಲ, ಯಾಕೋ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಮನೆಯೊಳಗಿನ ತೋಟಿಗೆ ತಡೆ ಹಾಕುವ ಮೊದಲು ರಸ್ತೆಯ ಮೇಲಿನ ಹರಿವನ್ನು ನೋಡಬೇಕು.

ಒಂದು ಕಾಲಕ್ಕೆ ಉಣಕಲ್ ಕೆರೆ, ಕೆಲಗೇರಿ ಕೆರೆ ಅನ್ನುತ್ತಿದ್ದ ಊರು ನಮ್ಮದು. ಆಮೇಲೆ ಕಲಘಟಗಿ ತಾಲೂಕಿನ ನೀರಸಾಗರ ಬಂತು, ಅದಾದ ಮೇಲೆ ಮಲಪ್ರಭೆ. ನೀರಸಾಗರ ಮಳೆಯನ್ನು ನಂಬಿದ್ದು, 2017ರ ಸುಮಾರಿಗೆ ತಳ ಕಂಡು, 2019ರ ಮಳೆಗಾಲದಲ್ಲಿ ತುಂಬಿ ಕೋಡಿ ಹರಿಯಿತು. ಹೆಚ್ಚಿನ ನೀರೆಲ್ಲ ಬರುವುದು ಮಲಪ್ರಭೆಗೆ ಕಟ್ಟಿದ ಸವದತ್ತಿಯ ನವಿಲುತೀರ್ಥ ಜಲಾಶಯದಿಂದ. ಆ ಜಲಾಶಯ ತುಂಬಿದಾಗಿನ ಮಟ್ಟ 2,079.5 ಅಡಿ, ಧಾರವಾಡ ಇರುವುದು ಸುಮಾರು 2,400 ಅಡಿ ಎತ್ತರದಲ್ಲಿ. ಅಂದರೆ ಪ್ರತಿ ಕೊಡ ನೀರನ್ನೂ ಮುನ್ನೂರು ಅಡಿಗೂ ಮೇಲೆ ಕರೆಂಟು ಸುಟ್ಟು ಏರಿಸಿ, ಅಮ್ಮಿನಭಾವಿಯಲ್ಲಿ ಶುದ್ಧ ಮಾಡಿ ತರುತ್ತೀರಿ. ಮಹದಾಯಿ ನ್ಯಾಯಾಧಿಕರಣ 2018ರಲ್ಲಿ ಕಳಸಾ-ಬಂಡೂರಿಗೆ 3.9 ಟಿಎಂಸಿ ಎಂದು ತೀರ್ಪು ಕೊಟ್ಟಿತು, ಆ ನೀರು ಬರುವಾಗ ಬರಲಿ. ಈಗ ಇರುವ ನೀರು ಹೀಗೆ ಏರಿ ಬಂದದ್ದು. ಅದು ಓಣಿಯ ವಾಲ್ವಿನಲ್ಲಿ ಸೋರಿ ಗಟಾರಕ್ಕೆ ಹೋದರೆ ನೀರೂ ಹೋಯಿತು, ಕರೆಂಟೂ ಹೋಯಿತು.

ನಳ ಬಂದ ದಿನ ಯಾವುದಾದರೂ ಹಳೆಯ ಓಣಿಯಲ್ಲಿ ಅರ್ಧ ತಾಸು ನಿಂತು ನೋಡಿ. ವಾಲ್ವ್‌ಮನ್ ಚಾವಿ ತಿರುವಿ ಹೋದ ಹತ್ತು ನಿಮಿಷಕ್ಕೆ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ನಳದ ಪೈಪಿಗೆ ನೇರವಾಗಿ ಮೋಟಾರು ಕೂಡಿಸಿದ ಮನೆಗಳು ಅವು. ಅರ್ಧ ಎಚ್‌ಪಿ, ಒಂದು ಎಚ್‌ಪಿ. ಅವರು ಎಳೆದಷ್ಟೂ ಓಣಿಯ ಕೊನೆಯ ಮನೆಗಳಿಗೆ ಬರುವುದು ಗಾಳಿ. ಕೊನೆಯ ಮನೆಯವರು ಏನು ಮಾಡುತ್ತಾರೆ? ಅವರೂ ನನ್ನ ಅಂಗಡಿಗೆ ಬಂದು ಮೋಟಾರು ಕೇಳುತ್ತಾರೆ. ಎಳೆತ ಹೆಚ್ಚಾದಾಗ ಪೈಪಿನೊಳಗೆ ಒತ್ತಡ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಎಲ್ಲಿ ಕೂಡುಗಟ್ಟು ಸಡಿಲಿದೆಯೋ ಅಲ್ಲಿಂದ ಪಕ್ಕದ ಗಟಾರದ ನೀರೂ ಒಳಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಅವಳಿ ನಗರದಲ್ಲೇ ತೋಟಿಗಳ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದಾರೆ. ಆಗೊಮ್ಮೆ ಈಗೊಮ್ಮೆ ನೀರು ಬರುವ ವಾರ್ಡುಗಳ ಮಾದರಿಗಳಲ್ಲಿ ಮೂರಕ್ಕೊಂದರ ಹತ್ತಿರ ಇ. ಕೋಲಿ, ಅಂದರೆ ಹೊಲಸು ನೀರು ಬೆರೆತದ್ದನ್ನು ತೋರಿಸುವ ರೋಗಾಣು, ಸಿಕ್ಕಿತು, 24 ತಾಸು ನೀರು ಬರುವ ವಾರ್ಡುಗಳಲ್ಲಿ ನೂರಕ್ಕೆ ಒಂದೂ ಸಿಗಲಿಲ್ಲ. ಎರಡೂ ಕಡೆ ಇದ್ದದ್ದು ಒಂದೇ ಊರಿನ ನೀರು, ಬೇರೆಯಾಗಿದ್ದದ್ದು ಅದನ್ನು ಬಿಡುವ ರೀತಿ.

ಆ 24 ತಾಸಿನ ವಾರ್ಡುಗಳ ಅನುಭವ ನಮ್ಮ ಕಣ್ಣೆದುರಿಗೇ ಇದೆ. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಯ ಕೆಲವು ವಾರ್ಡುಗಳಲ್ಲಿ ಪ್ರಯೋಗವಾಗಿ ಮಾಡಿದ್ದು, 2008ರ ಹೊತ್ತಿಗೆ ಪೂರ್ತಿ ನಡೆಯತೊಡಗಿತ್ತು. 24 ತಾಸು ನೀರು ಬಿಟ್ಟರೆ ಜನ ಹರಿಬಿಡುತ್ತಾರೆ ಎಂದು ಆಗ ಎಲ್ಲರೂ ಹೇಳಿದರು. ಹೊಸ ಪೈಪು, ಮನೆಗೊಂದು ಮೀಟರು, ಬಳಸಿದಷ್ಟಕ್ಕೆ ಬಿಲ್ಲು ಬಂದ ಮೇಲೆ ಅಲ್ಲಿನವರು ತೋಟಿ ಬಿಗಿದು ಮುಚ್ಚುವುದನ್ನು ಕಲಿತರು. ನಳ ಹೋದ ಮೇಲೂ ಚಾವಿ ತೆರೆದಿಟ್ಟು, ನೀರು ಬಂದದ್ದು ಸದ್ದಿನಿಂದ ಗೊತ್ತಾಗಲಿ ಎಂದು ಮಲಗುವ ಚಟ ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಗಳಲ್ಲೇ ಉಳಿದಿದೆ. ಹೊಸ ನೀರು ಬರುತ್ತದೆಂದು ಹಿಂದಿನ ವಾರದ ನೀರನ್ನು ಚೆಲ್ಲುವುದೂ ಅಲ್ಲೇ.

ಕಡಿಮೆ ಇರುವವರ ಲೆಕ್ಕವನ್ನೂ ನೋಡಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಎನ್ನುವುದು ಕೇಂದ್ರ ಸರ್ಕಾರದ ಕೈಪಿಡಿಯ ಮಾನದಂಡ. ನಾಲ್ಕು ಜನರ ಮನೆಗೆ ವಾರಕ್ಕೆ 3,780 ಲೀಟರ್ ಆಯಿತು. ನೆಲದ ಟ್ಯಾಂಕು ಇದ್ದವರು ಅಷ್ಟನ್ನು ಹಿಡಿದಿಡುತ್ತಾರೆ. ಎರಡು ಬ್ಯಾರಲ್ಲು, ಹತ್ತು ಹನ್ನೆರಡು ಕೊಡ ಇರುವ ಬಾಡಿಗೆ ಮನೆಯಲ್ಲಿ ಹಿಡಿಯುವುದು ಆರುನೂರು ಲೀಟರ್ ಇರಬಹುದು. ತಲೆಗೆ ದಿನಕ್ಕೆ ಇಪ್ಪತ್ತೊಂದು ಲೀಟರ್. ಆ ಮನೆಗೆ ಹೋಗಿ ತೋಟಿಗೆ ಜಾಳಿಗೆ ಯಾಕೆ ಹಾಕಿಲ್ಲ ಎಂದು ಕೇಳುವ ಮುಖ ಯಾವ ಅಧಿಕಾರಿಗೆ ಇದೆ? ಅವರಿಗಿರುವುದು ಅಂಗಳದ ಒಂದೇ ನಳ. ಅದಕ್ಕೆ ತಡೆ ಹಾಕಿದರೆ ಹದಿನೈದು ಲೀಟರಿನ ಕೊಡಕ್ಕೆ ಒಂದೂವರೆ ನಿಮಿಷ ಹಿಡಿಯುತ್ತಿದ್ದದ್ದು ಐದು ನಿಮಿಷ ಆಗುತ್ತದೆ, ಎರಡನೆಯ ಬ್ಯಾರಲ್ ತುಂಬುವ ಮುಂಚೆ ನಳ ಹೋಗಿರುತ್ತದೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ 2018ರಲ್ಲಿ ನೀರು ಪೂರ್ತಿ ನಿಲ್ಲುವ ಹಂತಕ್ಕೆ ಬಂದಾಗ ಅವರು ತಲೆಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದರು. ಹೆಚ್ಚು ಬಳಸುವ ಮನೆಗಳಿಗೆ ದಿನದ ಪಾಲು ಮುಗಿದ ಕೂಡಲೇ ನಿಲ್ಲುವ ಯಂತ್ರ ಕೂಡಿಸಿದರು. ಧಾರೆ ಎಷ್ಟು ದಪ್ಪ ಎಂದು ಅವರು ಮೊದಲು ನೋಡಲಿಲ್ಲ, ಮೀಟರು ನೋಡಿದರು. ನಮ್ಮ ಬರಗಾಲದ ಭಾಷೆಯಲ್ಲಿ ಹೇಳಬೇಕೆಂದರೆ 50 ಲೀಟರ್ ನಮ್ಮ ಎಷ್ಟೋ ಮನೆಗಳಿಗೆ ಸುಗ್ಗಿ.

ಹೀಗಾಗಿ ನನ್ನ ಬೇಡಿಕೆ ಇಷ್ಟು. ಸ್ವತಂತ್ರ ಮನೆಗಳನ್ನೂ ಬಾಡಿಗೆ ಮನೆಗಳನ್ನೂ ಬಿಟ್ಟುಬಿಡಿ. ಪ್ರೆಶರ್ ಪಂಪ್ ಇರುವ, ಅಥವಾ ನಾಲ್ಕಂತಸ್ತು ಮೀರಿದ ಕಟ್ಟಡಗಳಿಗೆ ಮಾತ್ರ ಏರಿಯೇಟರ್, ಕಡಿಮೆ ಹರಿವಿನ ಶವರ್ ಕಡ್ಡಾಯ ಮಾಡಿ. ಹೊಸ ಕಟ್ಟಡದ ಪರವಾನಗಿ ಕೊಡುವಾಗಲೇ ನಕ್ಷೆಯ ಜೊತೆ ಅದನ್ನೂ ಕೇಳಿ, ಆಮೇಲೆ ಮನೆಮನೆಗೆ ತಿರುಗುವ ತಾಪತ್ರಯ ಇರುವುದಿಲ್ಲ. ಕಡ್ಡಾಯ ಮಾಡುವಾಗ "ಏರಿಯೇಟರ್ ಇರಬೇಕು" ಎಂದಷ್ಟೇ ಬರೆಯಬೇಡಿ. ಎಷ್ಟು ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಬರೆಯಿರಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಪೇಟೆಯಲ್ಲಿ ನಲವತ್ತು ರೂಪಾಯಿಗೆ ಸಿಗುವ ಜಾಳಿಗೆಯ ಮೇಲೆ ಯಾವ ಅಂಕಿಯೂ ಇರುವುದಿಲ್ಲ. ಅದು ನೀರು ಸಿಡಿಯದಂತೆ ನೋಡಿಕೊಳ್ಳುತ್ತದೆ, ಉಳಿಸುವುದಿಲ್ಲ. ಒಳಗೆ ರಬ್ಬರ್ ಉಂಗುರ ಇರುವ ಒಳ್ಳೆಯ ಮಾಲು ಬೇರೆ. ಒತ್ತಡ ಏರಿದಂತೆ ಆ ಉಂಗುರ ಉಬ್ಬಿ ದಾರಿ ಕಿರಿದು ಮಾಡುತ್ತದೆ, ಒತ್ತಡ ಇಳಿದರೆ ದಾರಿ ಬಿಡುತ್ತದೆ, ಕೆಳಗಿನ ಮನೆಗೂ ಮೇಲಿನ ಮನೆಗೂ ಹೆಚ್ಚುಕಡಿಮೆ ಒಂದೇ ಧಾರೆ. ಭಾರತೀಯ ಮಾನಕ ಸಂಸ್ಥೆ ಕಡಿಮೆ ನೀರು ಬಳಸುವ ತೋಟಿ, ಶವರ್, ಕಮೋಡುಗಳಿಗೆ 2021ರಲ್ಲೇ ಐಎಸ್ 17650 ಎಂಬ ಮಾನದಂಡ ತಂದಿದೆ. ಕೇಂದ್ರದ ವಸತಿ ಸಚಿವಾಲಯ 2022ರಲ್ಲಿ 'ಭಾರತ್ ಟ್ಯಾಪ್' ಎಂಬ ಯೋಜನೆಯನ್ನೂ ಘೋಷಿಸಿದೆ. ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ, ಆದೇಶದಲ್ಲಿ ಆ ಸಂಖ್ಯೆ ನಮೂದಿಸಿದರೆ ನನ್ನಂಥ ವ್ಯಾಪಾರಿಗಳು ನಲವತ್ತು ರೂಪಾಯಿಯ ಮಾಲನ್ನು ತರುವುದೇ ನಿಲ್ಲಿಸುತ್ತೇವೆ.

ಮನೆಗಳಿಂದ ಕೇಳಬೇಕಾದ್ದು ಒಂದಿದೆ, ಬಾಲ್ ಕಾಕ್. ನೆಲದ ಟ್ಯಾಂಕು ತುಂಬಿದಾಗ ತಾನೇ ಮೇಲೆದ್ದು ನೀರು ನಿಲ್ಲಿಸುವ ಆ ಚೆಂಡು ಎಷ್ಟೋ ಮನೆಗಳಲ್ಲಿ ಇಲ್ಲ, ಇದ್ದರೂ ಅದರ ಸಳಿ ಮುರಿದು ತಳದಲ್ಲಿ ಬಿದ್ದಿರುತ್ತದೆ. ನಸುಕಿನಲ್ಲಿ ನಳ ಬಂದರೆ ಮನೆಯವರು ಏಳುವ ಹೊತ್ತಿಗೆ ಟ್ಯಾಂಕು ತುಂಬಿ, ಅಂಗಳ ತುಂಬಿ, ನೀರು ರಸ್ತೆಗೆ ಹರಿದಿರುತ್ತದೆ. ಒಂದು ತಾಸು ಹೀಗೆ ಹರಿದರೆ ಆರುನೂರು ಲೀಟರಿಗೆ ಮೋಸವಿಲ್ಲ. ಆಗಲೇ ಹೇಳಿದ ಬಾಡಿಗೆ ಮನೆಯವರ ಒಂದು ವಾರದ ನೀರು ಅದು. ಇದಕ್ಕೆ ದಂಡ ಹಾಕಿ, ನಾನು ಚಪ್ಪಾಳೆ ತಟ್ಟುತ್ತೇನೆ. ನಳಕ್ಕೆ ನೇರ ಮೋಟಾರು ಕೂಡಿಸಿದವರಿಗೂ ಹಾಕಿ, ಅವರ ಪೈಕಿ ಹಲವರು ನನ್ನ ಗಿರಾಕಿಗಳೇ ಆದರೂ. ಮೋಟಾರು ಹಿಡಿಯುವುದು ಕಷ್ಟವೇನಲ್ಲ. ನಳ ಬಂದ ಹೊತ್ತಿಗೆ ಓಣಿಯಲ್ಲಿ ನಡೆದರೆ ಕಿವಿಯೇ ಹೇಳುತ್ತದೆ. ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಮೋಟಾರು ಜಪ್ತಿ ಎಂದು ಒಂದು ವಾರ್ಡಿನಲ್ಲಿ ಮಾಡಿ ತೋರಿಸಿದರೆ ಪಕ್ಕದ ವಾರ್ಡಿಗೆ ಸುದ್ದಿ ಮುಟ್ಟಲಿಕ್ಕೆ ಎರಡು ದಿನ ಬೇಡ.

ಸರ್ಕಾರಿ ಕಟ್ಟಡಗಳ ಬಗ್ಗೆ ಒಂದು ಮಾತು. ಹೆಸರು ಹೇಳುವುದು ಬೇಡ, ನಗರದ ಒಂದು ಕಚೇರಿಯ ಶೌಚಾಲಯದಲ್ಲಿ ಕೈ ತೊಳೆಯುವ ತೋಟಿಗೆ ಹಗ್ಗ ಕಟ್ಟಿದ್ದಾರೆ. ಬಿಗಿದು ಕಟ್ಟಿದರೂ ಅದು ಹನಿಯುತ್ತದೆ. ಸೆಕೆಂಡಿಗೊಂದು ಹನಿ ಎಂದರೂ ದಿನಕ್ಕೆ ಇಪ್ಪತ್ತು ಮೂವತ್ತು ಲೀಟರ್. ಅದಕ್ಕೆ ಬೇಕಾದ್ದು ಹತ್ತು ರೂಪಾಯಿಯ ವಾಶರ್ರು, ಹೆಚ್ಚೆಂದರೆ ನೂರು ರೂಪಾಯಿಯ ಸ್ಪಿಂಡಲ್ಲು. ಟೆಂಡರ್ ಕರೆಯುವ ಕೆಲಸ ಅಲ್ಲ. ನಾಗರಿಕರ ಮೇಲೆ ಯಾವುದೇ ಆದೇಶ ಹೊರಡಿಸುವ ಮುಂಚೆ ಪಾಲಿಕೆಯ ವಲಯ ಕಚೇರಿಗಳು, ಸಾರ್ವಜನಿಕ ಶೌಚಾಲಯಗಳು, ಬಸ್ ನಿಲ್ದಾಣಗಳು, ಸರ್ಕಾರಿ ಹಾಸ್ಟೆಲುಗಳ ತೋಟಿಗಳನ್ನೆಲ್ಲ ಒಮ್ಮೆ ಎಣಿಸಿ, ಸೋರುವುದನ್ನು ರಿಪೇರಿ ಮಾಡಿಸಿ, ಜೋರಾಗಿ ಬರುವುದಕ್ಕೆ ಏರಿಯೇಟರ್ ಕೂಡಿಸಿ, ಮೀಟರಿನ ಲೆಕ್ಕವನ್ನು ಮೊದಲಿನದು ಆಮೇಲಿನದು ಎರಡನ್ನೂ ಕಚೇರಿಯ ಫಲಕದಲ್ಲಿ ಹಚ್ಚಿ. ಎಷ್ಟು ಉಳಿಯಿತು ಎನ್ನುವುದು ಜನರಿಗೂ ಕಾಣುತ್ತದೆ, ನಿಮಗೂ ಗೊತ್ತಾಗುತ್ತದೆ.

ಆ ಎಣಿಕೆಗೆ ಯಂತ್ರ ತಂತ್ರ ಏನೂ ಬೇಡ. ಲೀಟರಿನ ಗೆರೆ ಇರುವ ಒಂದು ಬಕೆಟ್ಟು, ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ ಸಾಕು. ತೋಟಿ ಪೂರ್ತಿ ತೆರೆದು ಒಂದು ನಿಮಿಷ ಹಿಡಿದರೆ ಎಷ್ಟು ಲೀಟರ್ ಎಂದು ತಿಳಿಯಿತು. ಎಂಟಕ್ಕಿಂತ ಹೆಚ್ಚು ಬಂದರೆ ಏರಿಯೇಟರ್, ನಾಲ್ಕಕ್ಕಿಂತ ಕಡಿಮೆ ಬಂದರೆ ಮುಟ್ಟಬೇಡಿ, ನಡುವಿನದ್ದಕ್ಕೆ ತೋಟಿಯ ಕೆಲಸ ನೋಡಿ ತೀರ್ಮಾನಿಸಿ. ಯಾವುದಾದರೂ ಒಂದು ವಲಯ ಕಚೇರಿಯಿಂದ ಶುರು ಮಾಡುವುದಾದರೆ ಬಕೆಟ್ಟು, ಗಡಿಯಾರ, ಪಾನಾ ಹಿಡಿದು ನಾನೇ ಬರುತ್ತೇನೆ. ಸೋಮವಾರ ಅಂಗಡಿಗೆ ಸೂಟಿ, ಅವತ್ತಾದರೆ ಅನುಕೂಲ.

ಇತಿ ತಮ್ಮ ವಿಶ್ವಾಸಿ,
ತೋಟಿ-ಪೈಪಿನ ಅಂಗಡಿಯ ಒಬ್ಬ ವ್ಯಾಪಾರಿ, ಹುಬ್ಬಳ್ಳಿ